ಮಸ್ಟ್ ಆಂಡ್ ಶುಡ್ ಬರ್ಬೇಕು!

“ನಾಳೆ ಮೀಟಿಂಗಿಗೆ ಮಸ್ಟ್ ಆಂಡ್ ಶುಡ್ ಬರ್ಬೇಕು ಕಣ್ರೀ.” ಬೆಂಗಳೂರಿನ ಕಚೇರಿಗಳಲ್ಲಿ, ಕಾಲೇಜಿನ ಮೆಟ್ಟಿಲುಗಳ ಮೇಲೆ, ಮದುವೆ ಕರೆಯುವ ಫೋನುಗಳಲ್ಲಿ ಈ ಮಾತು ದಿನಕ್ಕೆಷ್ಟು ಸಲ ಕೇಳಿಸುತ್ತದೋ ಲೆಕ್ಕವಿಟ್ಟವರಿಲ್ಲ. ಒಂದೇ ವಾಕ್ಯದಲ್ಲಿ ಒತ್ತಾಯ ಮೂರು ಸಲ ಬಂದಿದೆ. ಮಸ್ಟ್ ಒಂದು, ಶುಡ್ ಎರಡು, ಬೇಕು ಮೂರು. ಇಷ್ಟಾದರೂ ಬಾರದವನು ಬರುವುದಿಲ್ಲ, ಅದು ಬೇರೆ ಮಾತು.

ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವನಿಗೆ ಮಾತ್ರ ಈ ಜೋಡಿ ವಿಚಿತ್ರವಾಗಿ ಕೇಳಿಸುತ್ತದೆ. ಅವನ ಕಿವಿಗೆ ಮಸ್ಟ್ ಎಂದರೆ ಕಟ್ಟಪ್ಪಣೆ, ಶುಡ್ ಎಂದರೆ ಹಿತವಚನ. ಎರಡನ್ನೂ ಒಟ್ಟಿಗೆ ಹೇಳಿದರೆ “ಬರಲೇಬೇಕು, ಬಂದರೆ ಒಳ್ಳೆಯದು” ಎಂದಂತಾಯಿತು. ಮೊದಲನೆಯದರ ಬಿಗಿಯನ್ನು ಎರಡನೆಯದು ಸಡಿಲಿಸಿಬಿಡುತ್ತದೆ. ಕನ್ನಡಿಗರು, ತೆಲುಗರು ಕೂಡಿ ಕಟ್ಟಿದ ಈ ನುಡಿಗಟ್ಟಿನಲ್ಲಿ ಆಗಿರುವುದು ಅದಕ್ಕೆ ತದ್ವಿರುದ್ಧ: ಒಂದರ ಮೇಲೊಂದು ಪೇರಿಸಿದರೆ ಒತ್ತು ಹೆಚ್ಚುತ್ತದೆಂಬ ಲೆಕ್ಕ. ಕಷ್ಟನಷ್ಟ, ಸಾಲಸೋಲ ಎನ್ನುವ ನಾಲಿಗೆಯ ರೂಢಿಯೇ ಇಲ್ಲೂ ಕೆಲಸ ಮಾಡಿರಬೇಕು. ಹಾಗೆ ನೋಡಿದರೆ ಈ ‘ಮಾಡಿರಬೇಕು’ ಎಂಬುದರಲ್ಲಿ ಯಾರ ಒತ್ತಾಯವೂ ಇಲ್ಲ. ಅದು ಬರೀ ಊಹೆ. ಆ ಸಂಗತಿ ಮುಂದೆ ಬರುತ್ತದೆ.

ಇಂಗ್ಲಿಷ್ ಕಲಿಯುವ ಕನ್ನಡಿಗನ ಫಜೀತಿ ಇಲ್ಲಿಂದಲೇ ಶುರು. ಕನ್ನಡದ ಒಂದು ‘ಬೇಕು’ವಿಗೆ ಆ ಭಾಷೆಯಲ್ಲಿ ಮಸ್ಟ್, ಹ್ಯಾವ್ ಟು, ಶುಡ್, ಆಟ್ ಟು, ನೀಡ್ ಟು, ಶಾಲ್ ಎಂದು ಒಂದು ಸಂಸಾರವೇ ಇದೆ. ನೀರು ಬೇಕು ಎನ್ನುವಾಗಿನ ‘ಬೇಕು’ ವಾಂಟ್ ಆಗಿ ಬೇರೆ ಮನೆ ಮಾಡಿಕೊಂಡಿದೆ. ಯಾವಾಗ ಯಾರನ್ನು ಕರೆಯುವುದು? ಶಾಲೆಯ ವ್ಯಾಕರಣ ಪುಸ್ತಕ ಹೇಳುವ ಸೂತ್ರ ಸರಳ: ಒತ್ತಡ ಎಲ್ಲಿಂದ ಬರುತ್ತಿದೆ ಎಂದು ನೋಡು. ಹೇಳುವವನ ಮನಸ್ಸಿನಿಂದಲೇ ಬಂದರೆ ಮಸ್ಟ್. ಹೊರಗಿನ ಕಾನೂನು, ವೇಳಾಪಟ್ಟಿ, ಪರಿಸ್ಥಿತಿಯಿಂದ ಬಂದರೆ ಹ್ಯಾವ್ ಟು. ಸರಿ-ತಪ್ಪಿನ ವಿವೇಕದಿಂದ ಬಂದರೆ ಶುಡ್ ಅಥವಾ ಆಟ್ ಟು. “ಐ ಮಸ್ಟ್ ಸ್ಟಾಪ್ ಸ್ಮೋಕಿಂಗ್” ಎಂದವನು ತಾನೇ ನಿರ್ಧಾರ ಮಾಡಿಕೊಂಡಿದ್ದಾನೆ. “ಐ ಹ್ಯಾವ್ ಟು ಸ್ಟಾಪ್ ಸ್ಮೋಕಿಂಗ್” ಎಂದವನಿಗೆ ಡಾಕ್ಟರೋ ಹೆಂಡತಿಯೋ ಗದರಿದ್ದಾರೆ. ಆಡುಮಾತಿನಲ್ಲಿ ಈ ಗೆರೆ ಅಳಿಸಿಹೋಗುತ್ತಿದೆ ನಿಜ. ಆದರೂ ಕಿವಿ ಸೂಕ್ಷ್ಮವಿದ್ದವರಿಗೆ ವ್ಯತ್ಯಾಸ ಇನ್ನೂ ಕೇಳಿಸುತ್ತದೆ.

ಈ ಪದಗಳ ಜಾತಕ ಬಿಡಿಸಿದರೆ ಒಳ್ಳೆಯ ಮೋಜು ಸಿಗುತ್ತದೆ. ಶಾಲ್ ಎಂಬುದರ ಮೂಲ ಹಳೆಯ ಇಂಗ್ಲಿಷಿನ ‘ಸ್ಕುಲನ್’. ಅರ್ಥ, ಸಾಲ ತೀರಿಸಬೇಕಾಗಿರುವುದು. ಅದರ ದಾಯಾದಿ ಇವತ್ತಿಗೂ ಜರ್ಮನ್ ಭಾಷೆಯಲ್ಲಿ ‘ಶುಲ್ಡ್’ ಎಂದು ಬದುಕಿದೆ. ಸಾಲಕ್ಕೂ ಅದೇ ಪದ, ಅಪರಾಧಕ್ಕೂ ಅದೇ ಪದ. ಶುಡ್ ಅದೇ ಶಾಲ್‌ನ ಭೂತಕಾಲದ ರೂಪ. ಆಟ್ ಎನ್ನುವುದಂತೂ ‘ಓ’ ಎಂಬ ಕ್ರಿಯಾಪದದ, ಅಂದರೆ ಸಾಲ ಇಟ್ಟುಕೊಂಡಿರುವುದು ಎಂಬುದರ ಭೂತಕಾಲ. ‘ಯು ಆಟ್ ಟು ವಿಸಿಟ್ ಯುವರ್ ಮದರ್’ ಎಂದರೆ ಬೇರಿನಲ್ಲಿ ‘ನಿನ್ನ ತಾಯಿಗೆ ಒಂದು ಭೇಟಿ ಬಾಕಿ ಇದೆ’ ಎಂದೇ. ಇಂಗ್ಲಿಷಿನವರ ಕರ್ತವ್ಯಪ್ರಜ್ಞೆ ಹುಟ್ಟಿದ್ದು ಅಂಗಡಿಯ ಬಾಕಿ ಪುಸ್ತಕದಲ್ಲಿ ಎನ್ನಬಹುದು. ಮಾತೃಋಣ, ಪಿತೃಋಣ, ಗುರುಋಣ ಎನ್ನುವ ನಾಡಿನವರು ಇದನ್ನು ಕಂಡು ನಗುವ ಹಾಗಿಲ್ಲ.

ಮಸ್ಟ್‌ನ ಕತೆ ಇನ್ನೂ ಸ್ವಾರಸ್ಯ. ಅದರ ಪೂರ್ವಜ ‘ಮೋಟನ್’ಗೆ ಮೊದಲಿದ್ದ ಅರ್ಥ ಅಪ್ಪಣೆ ಇರುವುದು, ಅಡ್ಡಿಯಿಲ್ಲದಿರುವುದು. ಮಾಡಬಹುದು ಎಂಬುದು ಶತಮಾನಗಳ ಪಯಣದಲ್ಲಿ ಮಾಡಲೇಬೇಕು ಎಂದಾಯಿತು. ಮಸ್ಟ್ ಅದರ ಭೂತಕಾಲದ ರೂಪ. ಮಗ ಬೆಳೆದು ಅಪ್ಪನನ್ನೇ ಮನೆಯಿಂದ ಹೊರಹಾಕಿದಂತೆ, ವರ್ತಮಾನದ ಜಾಗದಲ್ಲಿ ತಾನೇ ಕುಳಿತುಬಿಟ್ಟಿತು. ಹಾಗಾಗಿ ಮಸ್ಟ್‌ಗೆ ಈಗ ಸ್ವಂತ ಭೂತಕಾಲವಿಲ್ಲ. ನಿನ್ನೆಯ ಮಾತು ಆಡಬೇಕಾದರೆ ಹ್ಯಾವ್ ಟು ಮನೆಯಿಂದ ‘ಹ್ಯಾಡ್ ಟು’ವನ್ನು ಎರವಲು ತರಬೇಕು. ‘ಹೀ ಗೋಸ್’ ಎನ್ನುವ ಭಾಷೆಯಲ್ಲಿ ‘ಹೀ ಮಸ್ಟ್ಸ್’ ಏಕಿಲ್ಲ ಎಂದು ಏಳನೇ ತರಗತಿಯ ಹುಡುಗ ಕೇಳಿದರೆ ಉತ್ತರ ಇಲ್ಲೇ ಇದೆ: ಭೂತಕಾಲದ ರೂಪಕ್ಕೆ ಆ ಬಾಲ ಹತ್ತುವುದಿಲ್ಲ. ಮಸ್ಟ್, ಶಾಲ್, ಕ್ಯಾನ್, ಮೇ ಎಲ್ಲವೂ ಹಳೆಯ ಭೂತಕಾಲದ ಅಚ್ಚಿನಲ್ಲೇ ಎರಕವಾದವು.

ಕನ್ನಡದ ‘ಬೇಕು’ವಿಗೂ ಬಾಲವಿಲ್ಲ. ನಾನು ಹೋಗಬೇಕು, ನೀನು ಹೋಗಬೇಕು, ಅವರು ಹೋಗಬೇಕು. ಲಿಂಗ, ವಚನ, ಪುರುಷ ಯಾವುದಕ್ಕೂ ಅದು ಜಗ್ಗುವುದಿಲ್ಲ. ಶಾಲಾ ವ್ಯಾಕರಣ ಇದನ್ನು ಸಾಕು, ಉಂಟು, ಅಲ್ಲ, ಹೌದುಗಳ ಜೊತೆ ಕೂರಿಸಿ ಕ್ರಿಯಾರ್ಥಕಾವ್ಯಯ ಎಂದು ಹೆಸರಿಟ್ಟಿದೆ. ಆದರೆ ಅದರ ಬೇರು ಸಾಲದಲ್ಲಿಲ್ಲ, ಆಸೆಯಲ್ಲಿದೆ. ಹಳಗನ್ನಡದಲ್ಲಿ ಅದು ‘ಬೇೞ್ಕುಂ’. ಬಯಸು ಎಂಬರ್ಥದ ಧಾತುವಿನ ಕುಡಿ. ಬೇಡು, ಬೇಡಿಕೆ, ತಮಿಳಿನ ‘ವೇಂಡುಂ’ ಎಲ್ಲ ಒಂದೇ ಬಳ್ಳಿಯವು. ಬಯಕೆ ಬೆಳೆದು ಕರ್ತವ್ಯವಾದ ಪದ ಇದು. ಅದಕ್ಕೇ ಕಾಫಿಯೂ ಬೇಕು, ತೆರಿಗೆಯನ್ನೂ ಕಟ್ಟಬೇಕು.

ಹ್ಯಾವ್ ಟು ಹುಟ್ಟಿದ್ದು ‘ಮಾಡಲಿಕ್ಕೆ ಕೆಲಸ ಇದೆ’ ಎಂಬ ಧಾಟಿಯಿಂದ. ಇದನ್ನು ಅರ್ಥ ಮಾಡಿಕೊಳ್ಳಲು ಮಂಗಳೂರಿನವರಿಗೆ ಪಾಠವೇ ಬೇಡ. “ನನಗೆ ಪೇಟೆಗೆ ಹೋಗ್ಲಿಕ್ಕುಂಟು ಮಾರಾಯ್ರೆ” ಎಂಬುದು ಅಕ್ಷರಶಃ ಹ್ಯಾವ್ ಟು. ಧಾರವಾಡದವರು “ನಾಳಿ ಹುಬ್ಬಳ್ಳಿಗೆ ಹೋಗೋದೈತಿ” ಎಂದಾಗಲೂ ಅದೇ. ಯಾರ ಅಪ್ಪಣೆಯೂ ಇಲ್ಲ, ಹೋಗುವ ಕೆಲಸ ಸುಮ್ಮನೆ ಎದುರಿಗೆ ‘ಇದೆ’. ಇಂಗ್ಲಿಷ್ ಪಾಠ ಮಾಡುವವರು ಈ ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಬರೆದರೆ ಅರ್ಧ ಗಂಟೆಯ ವಿವರಣೆ ಉಳಿಯುತ್ತದೆ.

ನಿಜವಾದ ಹಳ್ಳ ಇರುವುದು ‘ನಾಟ್’ ಸೇರಿದಾಗ. ಶನಿವಾರ ಕೆಲಸವಿಲ್ಲ, ಆರಾಮಾಗಿ ಮನೆಯಲ್ಲಿರಿ ಎಂದು ಹೇಳಲು ಹೊರಟ ಒಬ್ಬ ಮೇಲಧಿಕಾರಿ “ಯು ಮಸ್ಟ್ ನಾಟ್ ಕಮ್ ಆನ್ ಸ್ಯಾಟರ್ಡೇ” ಎಂದನೆನ್ನಿ. ಕೇಳಿದವಳಿಗೆ ಎದೆ ಧಸಕ್ಕೆನ್ನುತ್ತದೆ: ನನ್ನನ್ನು ಒಳಗೇ ಬಿಡುವುದಿಲ್ಲವೇ, ಕೆಲಸವೇ ಹೋಯಿತೇ? ಅವನು ಹೇಳಬೇಕಿದ್ದದ್ದು ‘ಡೋಂಟ್ ಹ್ಯಾವ್ ಟು’ ಅಥವಾ ‘ನೀಡಂಟ್’. ಮಸ್ಟ್ ಪಕ್ಕದ ನಾಟ್ ಹೋಗಿ ಬಡಿಯುವುದು ಕ್ರಿಯೆಗೆ. ಒತ್ತಾಯಕ್ಕೆ ಏನೂ ಆಗುವುದಿಲ್ಲ. ಕನ್ನಡದಲ್ಲಿ ಬಿಡಿಸಿ ಹೇಳಿದರೆ ‘ಬಾರದೆ ಇರಬೇಕು’. ಡೋಂಟ್ ಹ್ಯಾವ್ ಟುವಿನಲ್ಲಿ ಇಲ್ಲವಾಗುವುದು ಒತ್ತಾಯವೇ: ‘ಬರಬೇಕಿಲ್ಲ’.

ಈ ಹಳ್ಳಕ್ಕೆ ಬೀಳುವವರು ಕನ್ನಡಿಗರಷ್ಟೇ ಅಲ್ಲ. ಜರ್ಮನ್ನರ ‘ಮುಸ್ ನಿಖ್ಟ್’ ನೋಡಲು ಮಸ್ಟ್ ನಾಟ್‌ನ ಅವಳಿಯಂತಿದ್ದರೂ ಅರ್ಥ ‘ಮಾಡಬೇಕಿಲ್ಲ’ ಎಂದು. ಹಾಗಾಗಿ ಅವರೂ ಮತ್ತೆ ಮತ್ತೆ ಎಡವುತ್ತಾರೆ. ಕನ್ನಡಿಗ ಬೀಳಬೇಕಾದ ಕಾರಣವೇ ಇರಲಿಲ್ಲ. ಏಕೆಂದರೆ ಬೇಕು ಒಂದೇ ಆದರೂ ಅದರ ಎದುರು ಪಾಳಯದಲ್ಲಿ ಕನ್ನಡ ಭಾರೀ ಶ್ರೀಮಂತ: ಬೇಡ, ಬಾರದು, ಕೂಡದು, ಬೇಕಿಲ್ಲ, ಬೇಕಾಗಿಲ್ಲ, ತಕ್ಕದ್ದಲ್ಲ. “ಹೋಗಬೇಡ” ಎಂಬುದು ಅಮ್ಮನ ಮಾತು, “ಹೋಗಬಾರದು” ಎಂಬುದು ಅಜ್ಜಿಯ ಶಾಸ್ತ್ರ, “ಹೋಗಕೂಡದು” ಎಂಬುದು ಕಾವಲುಗಾರನ ಗದರಿಕೆ, “ಹೋಗಬೇಕಿಲ್ಲ” ಎಂಬುದು ಬಿಡುಗಡೆ. ಇಷ್ಟು ಚೆನ್ನಾಗಿ ವಿಂಗಡಿಸಿಟ್ಟುಕೊಂಡ ಭಾಷೆಯವರು ಇಂಗ್ಲಿಷಿಗೆ ಹೋದಾಗ ಎಲ್ಲವನ್ನೂ ಮಸ್ಟ್ ನಾಟ್ ಎಂಬ ಒಂದೇ ಚೀಲಕ್ಕೆ ತುರುಕುವುದು ಅನ್ಯಾಯ. ತೊಂದರೆ ತಿಳಿವಳಿಕೆಯದ್ದಲ್ಲ, ಪಾಠದ್ದು. ‘ಮಸ್ಟ್ ಅಂದ್ರೆ ಬೇಕು’ ಎಂದು ಒಮ್ಮೆ ಬಾಯಿಪಾಠವಾದರೆ ಆಮೇಲೆ ಪಕ್ಕಕ್ಕೆ ಸರಿಯುವುದು ಕಷ್ಟ.

ಭೂತಕಾಲದಲ್ಲೂ ಇದೇ ಹಾಡು. ಕನ್ನಡದ ಮೂರು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. “ನಿನ್ನೆ ಆಸ್ಪತ್ರೆಗೆ ಹೋಗಬೇಕಾಯಿತು”: ಹೋದದ್ದು ಖಚಿತ, ಮನಸ್ಸಿಲ್ಲದಿದ್ದರೂ ಹೋದದ್ದು. ಇಂಗ್ಲಿಷಿನ ಹ್ಯಾಡ್ ಟು ಗೋ. “ನಿನ್ನೆ ಆಸ್ಪತ್ರೆಗೆ ಹೋಗಬೇಕಿತ್ತು”: ಹೋಗಲಿಲ್ಲ, ಈಗ ಹಳಹಳಿಸುತ್ತಿದ್ದಾರೆ. ಶುಡ್ ಹ್ಯಾವ್ ಗಾನ್. “ನಿನ್ನೆ ಆಸ್ಪತ್ರೆಗೆ ಹೋಗಿರಬೇಕು”: ಹೇಳುವವನಿಗೆ ಗೊತ್ತಿಲ್ಲ, ಬಾಗಿಲಿಗೆ ಬೀಗ ನೋಡಿ ಅಂದಾಜು ಮಾಡುತ್ತಿದ್ದಾನೆ. ಮಸ್ಟ್ ಹ್ಯಾವ್ ಗಾನ್. ‘ಬೇಕು’ವಿನ ಆಚೀಚೆ ಒಂದು ‘ಆಯಿತು’, ಒಂದು ‘ಇತ್ತು’, ಒಂದು ‘ಇರು’ ಇಟ್ಟು ಕನ್ನಡ ಮಾಡುವ ಕೆಲಸವನ್ನು ಇಂಗ್ಲಿಷ್ ಮೂರು ಬೇರೆ ಪದಗಳಿಂದ ಮಾಡುತ್ತದೆ. ಬಣ್ಣಗಳು ಅವೇ, ಡಬ್ಬಿಗಳು ಬೇರೆ. ಹಾಗಿದ್ದೂ “ಐ ಮಸ್ಟ್ ವೆಂಟ್” ಎಂಬ ವಾಕ್ಯ ಉತ್ತರಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಸ್ಟ್‌ಗೆ ಭೂತಕಾಲವಿಲ್ಲ ಎಂದು ಹೇಳಿಕೊಡದೆ ಇದ್ದರೆ ಹುಡುಗರು ಇನ್ನೇನು ಮಾಡಿಯಾರು?

ಆರಂಭದಲ್ಲಿ ಬಂದ ಊಹೆಯ ‘ಬೇಕು’ವಿನ ಉತ್ತರವೂ ಇಲ್ಲೇ ಇದೆ. ‘ನಿಮಗೆ ಸುಸ್ತಾಗಿರಬೇಕು’, ‘ಯು ಮಸ್ಟ್ ಬಿ ಟೈರ್ಡ್’. ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಎರಡು ಭಾಷೆಗಳು ಒತ್ತಾಯದ ಪದವನ್ನೇ ಊಹೆಗೂ ಹಚ್ಚಿವೆ. ಸಾಕ್ಷಿಗಳೇ ಒತ್ತಾಯಿಸಿ ಆ ತೀರ್ಮಾನಕ್ಕೆ ತಳ್ಳುತ್ತವೆ ಎಂಬ ಭಾವ ಎರಡೂ ಕಡೆ ಇದೆ. ಅಲ್ಲಗಳೆಯುವಾಗ ಎರಡೂ ಬೇರೆ ದಾರಿ ಹಿಡಿಯುವುದೂ ಒಂದೇ ರೀತಿ: ‘ಅವನು ಮನೆಯಲ್ಲಿರಲಿಕ್ಕಿಲ್ಲ’ ಎನ್ನಲು ಇಂಗ್ಲಿಷಿನವರು ಮಸ್ಟ್ ಬಿಟ್ಟು ‘ಹೀ ಕಾಂಟ್ ಬಿ ಅಟ್ ಹೋಮ್’ ಎನ್ನುತ್ತಾರೆ.

ಇನ್ನು ಮರ್ಯಾದೆಯ ಪ್ರಶ್ನೆ. ಮಸ್ಟ್ ಕಟ್ಟಪ್ಪಣೆಯಾದರೆ ಊಟಕ್ಕೆ ಕರೆಯುವಾಗ “ಯು ಮಸ್ಟ್ ಕಮ್” ಎನ್ನುವುದು ಸೌಜನ್ಯ ಹೇಗಾಯಿತು? ಮದುವೆ ಕರೆಯುವವರು “ಬರಲೇಬೇಕು, ಎಲ್ಲರೂ ಬರಬೇಕು” ಎಂದು ಬಾಗಿಲಲ್ಲಿ ನಿಂತು ಅರಿಶಿನ ಕುಂಕುಮ ಕೊಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾಭ ಕೇಳುವವನಿಗಾದರೆ ಒತ್ತಾಯ ಉಪಚಾರವಾಗುತ್ತದೆ. ಲಾಭ ಹೇಳುವವನಿಗಾದರೆ ಅದೇ ಒತ್ತಾಯ ದರ್ಪ. “ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಲೇಬೇಕು” ಎಂದವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ‘ಯು ಮಸ್ಟ್ ಸೆಂಡ್ ದಿ ಫೈಲ್ ಟುಡೇ’ ಎಂದು ಈಮೇಲ್ ಬರೆದವರ ಮೇಲೆ ಸಿಟ್ಟಾಗುತ್ತಾರೆ.

ಇದಕ್ಕಿಂತ ಕುಟಿಲವಾದದ್ದು ‘ಹ್ಯಾಡ್ ಬೆಟರ್’. ಬೆಟರ್ ಎಂದಿದೆಯಲ್ಲ, ‘ಹೋದರೆ ಒಳ್ಳೆಯದು’ ಎಂಬ ಮೃದು ಸಲಹೆ ಇರಬೇಕು ಎಂದು ನಮ್ಮವರು ನಂಬುತ್ತಾರೆ. ವಾಸ್ತವದಲ್ಲಿ ಅದು ಶುಡ್‌ಗಿಂತ ಖಾರ. “ಯು ಹ್ಯಾಡ್ ಬೆಟರ್ ಫಿನಿಶ್ ಇಟ್” ಎಂದರೆ ‘ಮುಗಿಸಿದರೆ ಸರಿ, ಇಲ್ಲದಿದ್ದರೆ...’ ಎಂದು ಮಾತು ಅರ್ಧಕ್ಕೇ ನಿಲ್ಲಿಸಿದ ಹಾಗೆ. ಆ ಚುಕ್ಕೆಗಳಲ್ಲೇ ಬೆದರಿಕೆ. ವಿದೇಶಿ ಗ್ರಾಹಕರಿಗೆ ವಿನಯದಿಂದ ಹೀಗೆ ಬರೆದು, ಉತ್ತರ ಏಕೆ ಇಷ್ಟು ಬಿಗಿಯಾಗಿ ಬಂತೆಂದು ತಲೆ ಕೆರೆದುಕೊಂಡವರು ಕಡಿಮೆಯಿಲ್ಲ.

ಮಾತಿನಲ್ಲಿ ಇಂಥ ಎಡವಟ್ಟಾದರೆ ಸಾರಿ ಅನ್ನಬಹುದು. ಕಾನೂನಿನಲ್ಲಿ ಆದರೆ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಗುತ್ತದೆ.

ಭಾರತದ ಸಂವಿಧಾನದ ಇಂಗ್ಲಿಷ್ ಪಾಠ ನಿಂತಿರುವುದೇ ಶಾಲ್ ಮತ್ತು ಮೇ ಎಂಬ ಎರಡು ಕಂಬಗಳ ಮೇಲೆ. ಕನ್ನಡದ ಕಾನೂನು ಭಾಷೆ ಶಾಲ್‌ಗೆ ಕಂಡುಕೊಂಡ ಪದ ‘ತಕ್ಕದ್ದು’. ಸಲ್ಲಿಸತಕ್ಕದ್ದು, ಹಾಜರಿರತಕ್ಕದ್ದು, ತಪ್ಪಿದಲ್ಲಿ ದಂಡ ತೆರತಕ್ಕದ್ದು. ತಕ್ಕ ಎಂದರೆ ಯೋಗ್ಯ, ಒಪ್ಪುವಂಥದ್ದು. ಇಂಗ್ಲಿಷಿನವನು ಸಾಲ ತೀರಿಸುವ ಜಾಗದಲ್ಲಿ ಕನ್ನಡಿಗ ಯೋಗ್ಯವಾದದ್ದನ್ನು ಮಾಡುತ್ತಾನೆ. ತಾಲ್ಲೂಕು ಕಚೇರಿಯ ಸುತ್ತೋಲೆಯಲ್ಲಿ ಇಷ್ಟು ಕಾವ್ಯ ಅಡಗಿದೆ ಎಂದು ಅದನ್ನು ಟೈಪ್ ಮಾಡಿದ ಗುಮಾಸ್ತರಿಗೂ ಗೊತ್ತಿರಲಿಕ್ಕಿಲ್ಲ.

1950ರ ಸಂವಿಧಾನದ 45ನೇ ವಿಧಿ ಮಕ್ಕಳ ಶಿಕ್ಷಣದ ಬಗ್ಗೆ ಹೇಳಿದ್ದು ‘ಶಾಲ್ ಪ್ರೊವೈಡ್’ ಎಂದಲ್ಲ, ‘ಶಾಲ್ ಎಂಡೆವರ್ ಟು ಪ್ರೊವೈಡ್’ ಎಂದು. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷದೊಳಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದು. ಕಡ್ಡಾಯವಾದದ್ದು ಪ್ರಯತ್ನ ಮಾತ್ರ. ಪ್ರಯತ್ನಿಸುತ್ತಲೇ ಇದ್ದೇವೆ ಎಂದರೆ ಯಾರು ಏನು ಹೇಳಲಾದೀತು? ಮೇಲಾಗಿ ಅದಿದ್ದ ಭಾಗವನ್ನು ಯಾವ ನ್ಯಾಯಾಲಯವೂ ಜಾರಿ ಮಾಡಿಸುವಂತಿಲ್ಲ ಎಂದು 37ನೇ ವಿಧಿ ಮೊದಲೇ ಹೇಳಿಬಿಟ್ಟಿತ್ತು. ಹತ್ತು ವರ್ಷ ಕಳೆಯಿತು, ನಲವತ್ತೂ ಕಳೆಯಿತು. 1992ರಲ್ಲಿ ಕರ್ನಾಟಕದ ಒಂದು ವೈದ್ಯಕೀಯ ಸೀಟಿನ ಶುಲ್ಕದ ಜಗಳ ಸುಪ್ರೀಂ ಕೋರ್ಟಿಗೆ ಹೋದಾಗ ಶಿಕ್ಷಣವೂ ಮೂಲಭೂತ ಹಕ್ಕು ಎಂಬ ಮಾತು ಬಂತು. ಮರುವರ್ಷ ಇನ್ನೊಂದು ತೀರ್ಪು ಅದನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳ ಶಿಕ್ಷಣಕ್ಕೆ ಮಿತಿಗೊಳಿಸಿತು. 2002ರ 86ನೇ ತಿದ್ದುಪಡಿಯಲ್ಲಿ 21ಎ ವಿಧಿ ಹುಟ್ಟಿತು. ಅಲ್ಲಿರುವುದು ‘ಶಾಲ್ ಪ್ರೊವೈಡ್’. ನಡುವಿನ ‘ಎಂಡೆವರ್’ ಹೋಗಲು ಐವತ್ತೆರಡು ವರ್ಷ ಹಿಡಿಯಿತು. ವಿಧಿ ಜಾರಿಗೆ ಬರಲು 2010ರ ಏಪ್ರಿಲ್ 1ರವರೆಗೆ ಮತ್ತೆ ಏಳು ವರ್ಷಕ್ಕೂ ಹೆಚ್ಚು.

74ನೇ ವಿಧಿಯ ಕತೆಯೂ ಒಂದು ಶಾಲ್‌ನದ್ದೇ. ಮೊದಲಿನ ಪಾಠದಲ್ಲಿ ರಾಷ್ಟ್ರಪತಿಗೆ ನೆರವು, ಸಲಹೆ ನೀಡಲು ಮಂತ್ರಿಮಂಡಲ ‘ಇರತಕ್ಕದ್ದು’ ಎಂದಿತ್ತೇ ಹೊರತು, ಆ ಸಲಹೆಯಂತೆ ರಾಷ್ಟ್ರಪತಿ ‘ನಡೆಯತಕ್ಕದ್ದು’ ಎಂದಿರಲಿಲ್ಲ. ಹಾಗಾದರೆ ಸಲಹೆಗೆ ರಾಷ್ಟ್ರಪತಿ ಬದ್ಧರೇ ಎಂಬ ಪ್ರಶ್ನೆಯನ್ನು 1960ರಲ್ಲಿ ಬಾಬು ರಾಜೇಂದ್ರ ಪ್ರಸಾದರೇ ಬಹಿರಂಗವಾಗಿ ಎತ್ತಿದ್ದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿ, ಸಲಹೆಯಂತೆ ‘ಶಾಲ್ ಆ್ಯಕ್ಟ್’ ಎಂದು ಸೇರಿಸಿ ಬಾಗಿಲು ಮುಚ್ಚಿತು. 1978ರ 44ನೇ ತಿದ್ದುಪಡಿ ಕಿಟಕಿಯೊಂದನ್ನು ತೆರೆಯಿತು: ಸಲಹೆಯನ್ನು ಮರುಪರಿಶೀಲಿಸಿ ಎಂದು ರಾಷ್ಟ್ರಪತಿ ಒಮ್ಮೆ ಕೇಳಬಹುದು, ಅಂದರೆ ‘ಮೇ’; ಮರಳಿ ಬಂದ ಸಲಹೆಯಂತೆ ನಡೆಯತಕ್ಕದ್ದು, ಅಂದರೆ ಮತ್ತೆ ‘ಶಾಲ್’. ಆ ಒಂದು ಮೇ ಬಳಸಿಕೊಂಡು 1997ರಲ್ಲಿ ಕೆ. ಆರ್. ನಾರಾಯಣನ್ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ವಾಪಸು ಕಳಿಸಿದರು. ಗುಜ್ರಾಲ್ ಸರ್ಕಾರ ಅದನ್ನು ಅಲ್ಲಿಗೇ ಕೈಬಿಟ್ಟಿತು.

ಹಾಗೆಂದು ಶಾಲ್ ಎಂದಲ್ಲೆಲ್ಲ ಕಡ್ಡಾಯ ಎಂದು ಭಾವಿಸುವಂತಿಲ್ಲ. 1957ರಲ್ಲಿ ಉತ್ತರ ಪ್ರದೇಶದ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ, ಲೋಕಸೇವಾ ಆಯೋಗವನ್ನು ಸಮಾಲೋಚಿಸುವ ಬಗ್ಗೆ 320ನೇ ವಿಧಿಯಲ್ಲಿರುವ ಶಾಲ್ ಕೇವಲ ನಿರ್ದೇಶನ, ತಪ್ಪಿದರೆ ಕ್ರಮವೇ ಅನೂರ್ಜಿತವಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಶಾಲ್ ಅನ್ನು ಮೇ ಎಂದೂ ಮೇ ಅನ್ನು ಶಾಲ್ ಎಂದೂ ಓದಿದ ತೀರ್ಪುಗಳು ವಕೀಲರ ಕಪಾಟಿನಲ್ಲಿ ಸಾಲುಗಟ್ಟಿವೆ. ಈ ಕಾಟವೇ ಬೇಡವೆಂದು ದಕ್ಷಿಣ ಆಫ್ರಿಕಾದವರು 1996ರ ತಮ್ಮ ಸಂವಿಧಾನದಲ್ಲಿ ಶಾಲ್ ಬದಲು ಮಸ್ಟ್ ಬಳಸಿದರು. ಅಮೆರಿಕದ ಫೆಡರಲ್ ಸಿವಿಲ್ ವ್ಯಾಜ್ಯ ನಿಯಮಗಳನ್ನು 2007ರಲ್ಲಿ ತಿದ್ದಿ ಬರೆದಾಗ ಅಲ್ಲೂ ಶಾಲ್ ಹೊರಬಿತ್ತು.

ವಕೀಲರು ಬಗೆಹರಿಸಲಾಗದ್ದನ್ನು ಎಂಜಿನಿಯರುಗಳು ಎರಡೂವರೆ ಪುಟದ ಆಸುಪಾಸಿನಲ್ಲಿ ಬಗೆಹರಿಸಿಕೊಂಡರು. 1997ರ ಮಾರ್ಚ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸ್ಕಾಟ್ ಬ್ರಾಡ್ನರ್ ಬರೆದ ಪುಟ್ಟ ದಾಖಲೆ ಒಂದಿದೆ. ಇಂಟರ್ನೆಟ್ಟಿನ ನಿಯಮ ಬರೆಯುವವರ ಬಾಯಲ್ಲಿ ಅದು ‘ಆರ್‌ಎಫ್‌ಸಿ 2119’. ಮಸ್ಟ್, ಶಾಲ್ ಎರಡೂ ಒಂದೇ, ರಿಯಾಯಿತಿ ಇಲ್ಲ. ಶುಡ್ ಎಂದರೆ ಸಕಾರಣವಿದ್ದರೆ ಬಿಡಬಹುದು, ಆದರೆ ಬಿಟ್ಟರೆ ಏನಾಗುತ್ತದೆಂದು ಪೂರ್ತಿ ಯೋಚಿಸಿ ಬಿಡಬೇಕು. ಮೇ ಎಂದರೆ ನಿಮ್ಮಿಷ್ಟ. 2017ರಲ್ಲಿ ಇನ್ನೊಂದು ದಾಖಲೆ, ದೊಡ್ಡಕ್ಷರಗಳಲ್ಲಿ ಬರೆದಾಗ ಮಾತ್ರ ಈ ಅರ್ಥ ಎಂದು ಸ್ಪಷ್ಟಪಡಿಸಿತು. ಚಿಕ್ಕಕ್ಷರದ ಮಸ್ಟ್ ಮನೆಮಾತಿನ ಮಸ್ಟ್ ಅಷ್ಟೇ. ಅಕ್ಷರಗಳಲ್ಲಿ ದೊಡ್ಡದು ಚಿಕ್ಕದೆಂಬ ಭೇದವೇ ಇಲ್ಲದ ಕನ್ನಡ ಲಿಪಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ವೈಟ್‌ಫೀಲ್ಡಿನ ಕಚೇರಿಯಲ್ಲಿ ನೆಟ್‌ವರ್ಕ್ ತಂತ್ರಾಂಶ ಬರೆಯುವ ಹುಡುಗಿ ಮಸ್ಟ್ ಬೇರೆ, ಶುಡ್ ಬೇರೆ ಎಂದು ಬೆಳಗಿನಿಂದ ಸಂಜೆವರೆಗೆ ನಿಖರವಾಗಿ ಪಾಲಿಸುತ್ತಾಳೆ. ಕೆಳಗೆ ಕ್ಯಾಂಟೀನಿಗೆ ಬಂದು “ಸಂಡೇ ಟ್ರೆಕ್ಕಿಂಗಿಗೆ ಮಸ್ಟ್ ಆಂಡ್ ಶುಡ್ ಬರ್ಬೇಕು” ಎನ್ನುತ್ತಾಳೆ.

ಇಂಗ್ಲಿಷಿನ ತವರಿನಲ್ಲೇ ಮಸ್ಟ್ ಈಗ ಸೊರಗುತ್ತಿದೆ. 1961ರ ಮತ್ತು 1991ರ ಬ್ರಿಟಿಷ್ ಬರಹಗಳಿಂದ ತಲಾ ಹತ್ತು ಲಕ್ಷ ಪದ ಕೂಡಿಹಾಕಿದ ಎರಡು ಪಠ್ಯಸಂಗ್ರಹಗಳನ್ನು ಜೆಫ್ರಿ ಲೀಚ್ ಎಂಬ ಭಾಷಾವಿಜ್ಞಾನಿ ಹೋಲಿಸಿದಾಗ, ಆ ಮೂವತ್ತು ವರ್ಷಗಳಲ್ಲಿ ಮಸ್ಟ್ ಬಳಕೆ ಕಾಲು ಭಾಗಕ್ಕೂ ಹೆಚ್ಚು ಕುಸಿದಿರುವುದು ಕಂಡಿತು. ಶಾಲ್ ಇನ್ನೂ ಹೆಚ್ಚು ಕುಸಿದಿತ್ತು. ಏರಿದ್ದು ನೀಡ್ ಟು. ಎದುರಿಗೆ ನಿಂತು ಅಪ್ಪಣೆ ಕೊಡುವುದು ಈಗಿನವರಿಗೆ ಮುಜುಗರ. “ಯು ನೀಡ್ ಟು ಸೈನ್ ಹಿಯರ್” ಎಂದರೆ ಹೇಳುವವನು ಆಜ್ಞೆ ಮಾಡಿದಂತಾಗುವುದಿಲ್ಲ, ಸಹಿ ಹಾಕುವ ಅಗತ್ಯ ಕೇಳುವವನದ್ದೇ ಆಗಿಬಿಡುತ್ತದೆ. ಅಧಿಕಾರ ಎಲ್ಲಿಗೂ ಹೋಗಿಲ್ಲ, ವೇಷ ಬದಲಿಸಿದೆ.

ಈ ವೇಷ ಕನ್ನಡದ ಕೌಂಟರುಗಳಿಗೆ ಹೊಸದಲ್ಲ. ಕಿಟಕಿಯ ಆಚೆ ಕುಳಿತವರು “ನಾಳೆ ಬನ್ನಿ” ಎನ್ನುವುದಿಲ್ಲ, “ನಾಳೆ ಬರಬೇಕು” ಎಂದೂ ಅನ್ನುವುದಿಲ್ಲ. ಕಂಪ್ಯೂಟರಿನಿಂದ ಕಣ್ಣೆತ್ತದೆ “ನಾಳೆ ಬರ್ಬೇಕಾಗತ್ತೆ” ಎನ್ನುತ್ತಾರೆ. ಮಳೆ ಬರುವ ಹಾಗೆ, ಕತ್ತಲಾಗುವ ಹಾಗೆ, ನಾಳೆ ಬರುವುದೂ ತನ್ನಷ್ಟಕ್ಕೆ ತಾನೇ ‘ಆಗತ್ತೆ’. ಅರ್ಜಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೊರಟವನು ಒಂದು ಕ್ಷಣ ನಿಂತು ಕೇಳುತ್ತಾನೆ: “ನಾಳೆನಾದ್ರೂ ಸಾಹೇಬ್ರು ಇರ್ತಾರಾ?” ಒಳಗಿನಿಂದ ಉತ್ತರ ಬರುತ್ತದೆ: “ಇರ್ಬೇಕು.”